ಬೊಲ್ಲಿ ದೆಯ್ಯಂ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮಾವಿನ ತೋಪಿನಲ್ಲಿ ದೆವ್ವ ಇಲ್ಲ. ಇದ್ದದ್ದು ನನ್ನ ತಮ್ಮ ಶ್ರೀಧರ. ಈ ಮಾತನ್ನು ಊರಿನವರಿಗೆಲ್ಲ ಹೇಳಿ ನೋಡಿದ್ದೇನೆ, ಯಾರೂ ನಂಬಲಿಲ್ಲ. ನೀವಾದರೂ ನಂಬಿ. ನಿಮಗೆ ನನ್ನ ಮುಖ ಕಾಣಿಸುತ್ತಿಲ್ಲವಲ್ಲ.

ನನ್ನ ಹೆಸರು ಸುನಂದ. ಯಲ್ದೂರಿನಿಂದ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿ ನಮ್ಮದು, ಮನೆಗಳಿಗಿಂತ ಮಾವಿನ ಮರಗಳೇ ಹೆಚ್ಚು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು ನಾನು. ಮಾಡುತ್ತಿದ್ದವಳು ಅನ್ನಬೇಕು ಈಗ, ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ. ನನಗೆ ತೊನ್ನು ಇದೆ. ಹಣೆಯ ಎಡಗಡೆಯಿಂದ ಗಲ್ಲದವರೆಗೆ ಮುಖ ಬಿಳಿ, ಬಲಗಡೆ ನಮ್ಮಪ್ಪನ ಹಾಗೆ ಕಪ್ಪು. ಎರಡೂ ಕೈಗಳ ಬೆರಳುಗಳು ಬಿಳಿ. ಮುಳಬಾಗಿಲಿಗೆ ಮದುವೆ ಮಾಡಿ ಕೊಟ್ಟಾಗ ಇದು ಕಿವಿಯ ಹಿಂದೆ ಕಡಲೆಕಾಳಿನಷ್ಟಿತ್ತು. ಕೆನ್ನೆಗೆ ಇಳಿದ ವರ್ಷ ಗಂಡನ ಮನೆಯವರು, ತವರಿಗೆ ಹೋಗಿ ಸುಧಾರಿಸಿಕೊಂಡು ಬಾ ಅಂದರು. ಸುಧಾರಿಸಿಕೊಳ್ಳುವುದಕ್ಕೆ ನನಗೇನು ಜ್ವರ ಬಂದಿತ್ತೆ? ಮತ್ತೆ ಕರೆಯುವುದಕ್ಕೆ ಯಾರೂ ಬರಲಿಲ್ಲ.

ಆಗ ನನ್ನ ಪರವಾಗಿ ನಿಂತವನು ಶ್ರೀಧರನೇ. ಅದನ್ನು ಮುಚ್ಚಿಟ್ಟರೆ ನನಗೂ ಅವನಿಗೂ ವ್ಯತ್ಯಾಸ ಇರುವುದಿಲ್ಲ. ಟೆಂಪೊ ಮಾಡಿಕೊಂಡು ಮುಳಬಾಗಿಲಿಗೆ ಹೋದ, ನನ್ನ ಟ್ರಂಕು, ತವರಿನ ಪಾತ್ರೆ, ಹಾಸಿಗೆ ಎಲ್ಲವನ್ನೂ ಏರಿಸಿದ, ಆಮೇಲೆ ಅವರ ಬೀದಿಯ ನಡುವೆ ನಿಂತು ಅವರ ವಂಶವನ್ನೆಲ್ಲ ತೆಲುಗಿನಲ್ಲಿ ಬೈದ. ಬೈಗುಳಕ್ಕೆ ನಮ್ಮ ಕಡೆ ತೆಲುಗೇ ಅನುಕೂಲ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು ನಾನು, ಅವನು ಆ ದಿನ ನನ್ನ ಹೊಟ್ಟೆ ತಣ್ಣಗೆ ಮಾಡಿದ. ತೋಪಿನ ಅಂಚಿಗೆ ನನಗೊಂದು ಕೋಣೆ, ಅಡುಗೆಮನೆ ಕಟ್ಟಿಸಿಕೊಟ್ಟ. ಶಾಲೆಯಲ್ಲಿ ಅಡುಗೆಯವಳ ಕೆಲಸ ಖಾಲಿಯಾದಾಗ, ಕೈ ಬಿಳಿಯಾದವಳು ಮಕ್ಕಳಿಗೆ ಬಡಿಸುವುದೇ ಎಂದು ಒಂದಿಬ್ಬರು ಮೂಗು ಮುರಿದರು. ಇವನು ನನ್ನನ್ನು ಕೋಲಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇದು ಅಂಟುವ ರೋಗವಲ್ಲ ಎಂದು ಅವರ ಬಾಯಲ್ಲೇ ಹೆಡ್‌ಮಾಸ್ತರಿಗೆ ಫೋನಿನಲ್ಲಿ ಹೇಳಿಸಿದ. ಕೆಲಸ ಸಿಕ್ಕಿತು.

ಆ ಕೆಲಸ ನನ್ನ ಪ್ರಾಣ. ಜಂಬ ಅಂದರೂ ಸರಿ, ನನ್ನ ಕೈ ಸಾರಿಗೆ ಮಕ್ಕಳು ತಟ್ಟೆ ನೆಕ್ಕುತ್ತಿದ್ದರು. ಮೊದಮೊದಲು ಬೆರಳು ನೋಡುತ್ತಿದ್ದವರು ಆಮೇಲೆ ಸೌಟು ಮಾತ್ರ ನೋಡತೊಡಗಿದರು. ಬಡಿಸುತ್ತ ಕತೆ ಹೇಳುತ್ತಿದ್ದೆ. ನನಗೆ ರಾಕ್ಷಸಿ ಕತೆಗಳೇ ಇಷ್ಟ. ನಮ್ಮಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸಿ ಬಂದ ಕೂಡಲೇ ರಾಜಕುಮಾರ ಕತ್ತಿ ಹಿರಿಯುತ್ತಿದ್ದ, ಅವಳು ಯಾಕೆ ಕಾಡಿನಲ್ಲಿದ್ದಾಳೆ ಎಂದು ಒಬ್ಬನೂ ಕೇಳುತ್ತಿರಲಿಲ್ಲ. ನನ್ನ ಕತೆಯಲ್ಲಿ ರಾಕ್ಷಸಿಗೆ ಹೆಸರು ಇರುತ್ತಿತ್ತು, ತಲೆನೋವು ಬರುತ್ತಿತ್ತು, ರಾಜಕುಮಾರ ಹಸಿದು ಬಂದರೆ ಅವಳೇ ಬೇಳೆ ಬೇಯಿಸಿ ಹಾಕುತ್ತಿದ್ದಳು. ಶ್ರೀಧರನ ಮಗಳು ಧನಶ್ರೀ ಒಂದನೇ ಕ್ಲಾಸು. ಅವಳು ಮಾತ್ರ, "ಅತ್ತೆ, ಬೇಳೆಗೆ ಬೆಳ್ಳುಳ್ಳಿ ಹಾಕಿದ್ಲಾ?" ಎಂದು ಕೇಳುತ್ತಿದ್ದಳು. ಸಾರಿನ ಚಪಲ ಅಪ್ಪನದೇ, ನನ್ನ ತಮ್ಮನ ಮಗಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ದೆವ್ವದ ವಿಷಯ. ಹೂವು ಬಿಟ್ಟಾಗಲೇ ತೋಪನ್ನು ವ್ಯಾಪಾರಿಗಳಿಗೆ ಬಿಟ್ಟುಕೊಡುವವರು ನಮ್ಮ ಕಡೆ ಬಹಳ ಜನ. ಹಾಗೆ ಬಿಟ್ಟರೆ ಕಾವಲು ಅವರ ಪಾಡು. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ನಾವೇ ಕಿತ್ತು ಶ್ರೀನಿವಾಸಪುರದ ಮಂಡಿಗೆ ಸಾಗಿಸುವ ಪದ್ಧತಿ, ಹಾಗಾಗಿ ಕಾವಲು ನಮ್ಮ ತಲೆಯ ಮೇಲೆ. ಕೈಯಲ್ಲಿ ದೊಣ್ಣೆ ಹಿಡಿದು ಎಷ್ಟು ಹೊತ್ತು ತಿರುಗುತ್ತೀರಿ? ಅದಕ್ಕೇ ನಮ್ಮೂರಿನಲ್ಲಿ ಒಂದು ಉಪಾಯವಿದೆ. ತೋಪಿನಲ್ಲಿ ಏನೋ ಇದೆ ಎಂದು ಸುದ್ದಿ ಬಿಡುವುದು. ಒಬ್ಬರ ತೋಪಿನಲ್ಲಿ ರಾತ್ರಿ ಕಾಟ ಕೊಡುವ ಮುನಿ ತಿರುಗುತ್ತಾನೆ, ಇನ್ನೊಬ್ಬರ ಬಾವಿಯಿಂದ ಬಾಣಂತಿ ಎದ್ದು ಬರುತ್ತಾಳೆ. ಇದೆಲ್ಲ ಕಟ್ಟುಕತೆ ಎಂದು ತೋಪು ಇರುವವರಿಗೆಲ್ಲ ಗೊತ್ತು, ಆದರೆ ಒಬ್ಬರದನ್ನು ಒಬ್ಬರು ಕೆದಕುವುದಿಲ್ಲ. ಕೆದಕಿದರೆ ತನ್ನ ತೋಪಿನದೂ ಹೊರಗೆ ಬರುತ್ತದಲ್ಲ. ಎಷ್ಟು ವರ್ಷ ಯಾರೂ ಬಾಯಿ ಬಿಡದೆ ಇದ್ದರೆಂದರೆ, ಈಗ ಅರ್ಧ ಊರು ತಾನೇ ಕಟ್ಟಿದ ದೆವ್ವಕ್ಕೆ ತಾನೇ ಹೆದರುತ್ತದೆ.

ನಮ್ಮ ತೋಪಿಗೆ ದೆವ್ವ ಇರಲಿಲ್ಲ. ಒಂದು ವರ್ಷ ಬಾದಾಮಿ ಮಾವಿನ ಮರಗಳು ಚೆನ್ನಾಗಿ ಹಿಡಿದಿದ್ದವು, ಸಂಜೆ ನಾವು ಮನೆಗೆ ಬಂದ ಕೂಡಲೇ ಹುಡುಗರು ನುಗ್ಗಿ ಚೀಲಗಟ್ಟಲೆ ಕೀಳುತ್ತಿದ್ದರು. ಶ್ರೀಧರನೇ ಯೋಚನೆ ಮಾಡಿದ. ಗೋಣಿಚೀಲ ಬಿಚ್ಚಿ ಹೊದ್ದುಕೊಂಡ, ಮುಖದ ಒಂದು ಅರ್ಧಕ್ಕೆ ವಿಭೂತಿ ಬಳಿದುಕೊಂಡ. ನಾನು ಪಂಪ್‌ಮನೆಯ ಹಿಂದೆ ಕೂತು ಖಾಲಿ ಮಡಕೆಯ ಬಾಯಿಗೆ ಬಾಯಿಟ್ಟು ಊದುವುದು ಎಂದು ಮಾತಾಯಿತು. ಊದಿದರೆ ಹೊಟ್ಟೆಯೊಳಗಿನಿಂದ ಯಾರೋ ನರಳಿದ ಹಾಗೆ ಸದ್ದು ಬರುತ್ತದೆ. ನಮಗಿಬ್ಬರಿಗೂ ನಗು ತಡೆಯುವುದೇ ಕಷ್ಟವಾಗಿತ್ತು.

ಕತ್ತಲು ಇಳಿಯುವ ಹೊತ್ತು. ಊರಿನ ದೊಡ್ಡ ಮನುಷ್ಯ ಅಶ್ವತ್ಥಪ್ಪನವರ ಮಗ ವೆಂಕಟ್ ಮರದ ಮೇಲಿದ್ದ. ಶ್ರೀಧರ ಬದುವಿನ ಮೇಲೆ ಎದ್ದು ನಿಂತ, ನಾನು ಊದಿದೆ. "ದೆಯ್ಯಂ ರೋಯ್!" ಎಂದು ಕೂಗಿ ಆ ಹುಡುಗ ಮೇಲಿಂದ ಹಾಗೇ ಹಾರಿದ. ಅವನ ಕಾಲು ಮುರಿದ ಸದ್ದು ನನಗೂ ಕೇಳಿಸಿತು. ಅವನ ಜೊತೆಯವರು ಅವನನ್ನು ಎತ್ತಿಕೊಂಡು ಓಡಿದರು. ಇವತ್ತಿಗೂ ವೆಂಕಟ್ ಎಳೆದು ಎಳೆದು ನಡೆಯುತ್ತಾನೆ. ಆ ಸಂಜೆ ಶ್ರೀಧರ ನನ್ನ ಕಾಲು ಹಿಡಿದುಕೊಂಡ. "ಅಕ್ಕಾ, ಯಾರಿಗೂ ಹೇಳಬೇಡ ಕಣೇ. ಅಶ್ವತ್ಥಪ್ಪ ನನ್ನ ಕಾಲೂ ಮುರೀತಾನೆ," ಅಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಹೇಳಲೂ ಇಲ್ಲ.

ಅರ್ಧ ಮುಖ ಬಿಳಿ ಇತ್ತು ಎಂದು ವೆಂಕಟ್ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹೇಳಿದನಂತೆ. ಇನ್ನು ಕೇಳಬೇಕೆ? ಬೆಳಗಾಗುವುದರೊಳಗೆ ದೆವ್ವಕ್ಕೆ ನಾಮಕರಣವಾಗಿತ್ತು. ಬೊಲ್ಲಿ ದೆಯ್ಯಂ. ಬೊಲ್ಲಿ ಅಂದರೆ ತೆಲುಗಿನಲ್ಲಿ ತೊನ್ನು, ದೆಯ್ಯಂ ಅಂದರೆ ದೆವ್ವ. ನನ್ನ ಎದುರಿಗೆ ಯಾರೂ ಅನ್ನಲಿಲ್ಲ. ಹಗಲೆಲ್ಲ ಸುನಂದಕ್ಕ, ಸುನಂದಕ್ಕ ಎಂದೇ ಕರೆದರು, ಹೊತ್ತು ಮುಳುಗಿದರೆ ಮಾತ್ರ ನನ್ನ ಕೋಣೆಯ ದಾರಿ ಬಿಟ್ಟು ಸುತ್ತಿ ಹೋದರು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಮಕ್ಕಳು ಹೆದರಲಿಲ್ಲ, ಮಧ್ಯಾಹ್ನ ಬಂದು ಸಾಲಾಗಿ ಕೂತು ಉಂಡರು. ನನಗೆ ಅಷ್ಟು ಸಾಕಿತ್ತು. ತಮ್ಮನ ಕಾಲು ಉಳಿಯಿತು, ತೋಪಿನ ಕಾಯಿ ಉಳಿಯಿತು, ನನ್ನ ಕೆಲಸವೂ ಉಳಿಯಿತು ಎಂದುಕೊಂಡು ತೆಪ್ಪಗಿದ್ದೆ.

ಹೋದ ವರ್ಷ ಕೋಲಾರದಿಂದ ಚೈತನ್ಯ ಎಂಬ ಹುಡುಗ ಕ್ಯಾಮೆರಾ ಹಿಡಿದುಕೊಂಡು ಬಂದ. ಸಣ್ಣ ಗಡ್ಡ, ದೊಡ್ಡ ಮಾತು. ಮಾವಿನ ತೋಪುಗಳ ದೆವ್ವಗಳ ಮೇಲೆ ಸಿನಿಮಾ ಮಾಡುತ್ತಾನಂತೆ. ಶ್ರೀಧರನೇ ಅವನನ್ನು ನನ್ನ ಕೋಣೆಗೆ ಕರೆದುಕೊಂಡು ಬಂದ. ನಾನು ಮುಖಕ್ಕೆ ಸೆರಗು ಎಳೆದುಕೊಂಡು, ಬೇಡ ಅಂದೆ. ಚೈತನ್ಯ ನೆಲದ ಮೇಲೆ ಕೂತುಬಿಟ್ಟ.

"ಅಕ್ಕ, ನಾನು ದೆವ್ವ ಹಿಡಿಯೋಕೆ ಬಂದಿಲ್ಲ. ಎಲ್ಲಾ ಕತೆನಲ್ಲೂ, ಎಲ್ಲಾ ಸಿನಿಮಾದಲ್ಲೂ ಭೂತ ಅಂದ್ರೆ ಯಾರು ಹೇಳಿ? ಊರಿಗೆ ಬೇಡವಾದವರು. ಮೊದ್ಲು ಊರೇ ಅವರನ್ನ ಹೊರಗೆ ಹಾಕ್ತದೆ, ಆಮೇಲೆ ಹೊರಗಿದಾರೆ ಅಂತ ಹೆದರ್ತದೆ. ಕ್ಯಾಮೆರಾ ಯಾವಾಗ್ಲೂ ಪಂಜು ಹಿಡಿದವರ ಹಿಂದೆ ನಿಲ್ತದೆ. ನಾನು ನಿಮ್ಮ ಹಿಂದೆ ನಿಲ್ತೀನಿ," ಅಂದ.

ಆ ಮಾತಿಗೆ ನಾನು ಕರಗಿ ನೀರಾದೆ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದನ್ನೇ ಈ ಹುಡುಗ ಓದಿದವರ ಭಾಷೆಯಲ್ಲಿ ಹೇಳುತ್ತಿದ್ದಾನಲ್ಲ ಎನಿಸಿತು. ಸೆರಗು ತೆಗೆದೆ. ಅಡುಗೆ ಮಾಡುವುದನ್ನು ತೋರಿಸಿದೆ, ಮುಳಬಾಗಿಲಿನ ವಿಷಯ ಹೇಳಿದೆ, ನಗುವುದನ್ನೂ ಅಳುವುದನ್ನೂ ಎರಡನ್ನೂ ಮಾಡಿದೆ. ದೆವ್ವ ಹೇಗೆ ಹುಟ್ಟಿತು ಎಂದು ಕೇಳಿದಾಗ ಶ್ರೀಧರನ ಮುಖ ನೋಡಿದೆ. ಅವನು ಬೇಡ ಎಂದು ಸಣ್ಣಗೆ ತಲೆಯಾಡಿಸಿದ. ಅದಕ್ಕೆ ಗೋಣಿಚೀಲ ಹೊದ್ದವರು ಯಾರು ಎಂಬುದನ್ನು ಬಿಟ್ಟು, ಅದು ಹುಡುಗರನ್ನು ಹೆದರಿಸುವುದಕ್ಕೆ ನಮ್ಮ ಮನೆಯಲ್ಲೇ ಕಟ್ಟಿದ ಆಟ ಎಂದಷ್ಟೇ ಹೇಳಿದೆ. ಮಡಕೆ ತಂದು ಊದಿಯೂ ತೋರಿಸಿದೆ. ಚೈತನ್ಯ, "ಸೂಪರ್ ಅಕ್ಕ, ಇನ್ನೊಂದ್ಸಲ," ಅಂದ. ಇನ್ನೊಂದು ಸಲ ಊದಿದೆ.

ಈ ಬೇಸಿಗೆಯಲ್ಲಿ ಸಿನಿಮಾ ಮುಗಿಯಿತು. ಫೋನಿನಲ್ಲಿ ಬಿಡುವ ಮುಂಚೆ ಶ್ರೀನಿವಾಸಪುರದ ಒಂದು ಕಲ್ಯಾಣ ಮಂಟಪದಲ್ಲಿ ತೋರಿಸುತ್ತೇವೆ, ಬರಲೇಬೇಕು ಎಂದು ಚೈತನ್ಯ ಕರೆದ. ಹೊಸ ಸೀರೆ ಉಟ್ಟುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಕೂರಿಸಿದರು, ಪಕ್ಕದಲ್ಲಿ ಶ್ರೀಧರ. ನಮ್ಮೂರಿನಿಂದಲೂ ಜನ ಬಂದಿದ್ದರು, ಹೆಡ್‌ಮಾಸ್ತರು ಉಮಾಶಂಕರ್ ಅವರೂ ಇದ್ದರು. ಶುರುವಿನಲ್ಲಿ ನಮ್ಮ ತೋಪು ತೆರೆಯ ಮೇಲೆ ಬಂದಾಗ ಜನ ಚಪ್ಪಾಳೆ ತಟ್ಟಿದರು, ನನಗೂ ಹೆಮ್ಮೆಯೇ ಆಯಿತು.

ಆಮೇಲೆ ಸಂಗೀತ ಬದಲಾಯಿತು. ನನ್ನ ಬಿಳಿ ಬೆರಳುಗಳು ಸಾರಿನ ಪಾತ್ರೆಯ ಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ ತಿರುಗಿದವು. ಸಾರಿಗೆ ರಕ್ತದ ಬಣ್ಣ ಬಂದಿತ್ತು, ನಾನು ಮಾಡಿದ್ದು ಬೇಳೆ ಸಾರು. ತಮಾಷೆಗೆ ನಕ್ಕ ನನ್ನ ನಗುವನ್ನು ಎಳೆದು ಎಳೆದು ಕಿರುಚಾಟ ಮಾಡಿದ್ದರು. ಮುಳಬಾಗಿಲಿನ ವಿಷಯ ಹೇಳುವಾಗ ಒದ್ದೆಯಾದ ಕಣ್ಣು ಇತ್ತು, ಮಾತು ಇರಲಿಲ್ಲ. ಅದರ ಹಿಂದೆ ಮಡಕೆಯ ಸದ್ದು. ನನ್ನ ಉಸಿರೇ ನನ್ನನ್ನು ಹೆದರಿಸುವ ಹಾಗೆ ಇಡೀ ಮಂಟಪದಲ್ಲಿ ತುಂಬಿತು. ಹಿಂದಿನ ಸಾಲಿನಲ್ಲಿ ಒಂದು ಮಗು ಅಳತೊಡಗಿತು.

"ಟೀ ಕುಡ್ಕೊಂಡು ಬರ್ತೀನಿ ಅಕ್ಕ," ಎಂದು ಶ್ರೀಧರ ಎದ್ದು ಹೋದ.

ಅವನು ಬಾಗಿಲು ದಾಟಿದ, ತೆರೆಯ ಮೇಲೆ ಬಂದ. ಬಾವಿಯ ಕಟ್ಟೆಯ ಮೇಲೆ ಕೂತಿದ್ದ, ಹಬ್ಬಕ್ಕೆ ಹೊಲಿಸಿದ ಅಂಗಿ ಹಾಕಿದ್ದ. ಕೆಳಗೆ ಅವನ ಹೆಸರು, ಅದರ ಪಕ್ಕದಲ್ಲಿ 'ತಮ್ಮ' ಎಂದು ಬರೆದಿತ್ತು. ಕಣ್ಣು ಒರೆಸಿಕೊಂಡು ಹೇಳಿದ:

"ನಮ್ಮಕ್ಕ ಒಳ್ಳೇವಳೇ ಸಾರ್. ಆದ್ರೆ ಅಮಾವಾಸ್ಯೆ ಬಂದ್ರೆ ತೋಪಿಗೆ ಹೋಗಿ ನಿಂತ್ಬಿಡ್ತಾಳೆ. ಕರೆದ್ರೆ ಗುರುತು ಸಿಗಲ್ಲ. ಆ ಹುಡುಗನ ಕಾಲು ಮುರೀತಲ್ಲ, ಅವತ್ತೂ ಹಂಗೇ. ಏನ್ ಮಾಡ್ಲಿ ಹೇಳಿ, ಒಡಹುಟ್ಟಿದವಳು. ಬೀದಿಗೆ ಹಾಕೋಕಾಗ್ತದಾ?"

ಅಲ್ಲಿ ಕೂತೇ ನನಗೆ ಒಂದು ವಿಷಯ ಹೊಳೆಯಿತು. ಪೂರ್ತಿ ಮುಖಕ್ಕೆ ವಿಭೂತಿ ಬಳಿದುಕೊಳ್ಳಬಹುದಿತ್ತಲ್ಲ, ಅರ್ಧ ಮುಖಕ್ಕೇ ಯಾಕೆ ಬಳಿದುಕೊಂಡ? ಹೆದರಿಸುವ ಮುಖ ಬೇಕು ಎಂದು ಯೋಚಿಸಿದಾಗ ಅವನಿಗೆ ಮೊದಲು ನೆನಪಾಗಿದ್ದು ನನ್ನ ಮುಖ. ಮುಳಬಾಗಿಲಿನ ಬೀದಿಯಲ್ಲಿ ನನಗಾಗಿ ಬೈದವನಿಗೆ! ಆ ಸಂಜೆ ಪಂಪ್‌ಮನೆಯ ಹಿಂದೆ ಕೂತು ನಾನು ನಕ್ಕಿದ್ದೆ, ನೋಡಿ. ನನ್ನನ್ನೇ ನೋಡಿ ನಕ್ಕಿದ್ದೆ.

ಹೊರಗೆ ಅವನು ಟೀ ಅಂಗಡಿಯ ಹತ್ತಿರ ನಿಂತಿದ್ದ. ಹೋಗಿ ಅಂಗಿ ಹಿಡಿದುಕೊಂಡೆ.

"ಏನ್ಲಾ ಅದು? ಯಾಕ್ಲಾ ಹಂಗಂದೆ?"

"ಸಿನಿಮಾ ಅಲ್ವೇನಕ್ಕ, ನಟನೆ. ಅವನೇ ಹೇಳ್ಕೊಟ್ಟ."

"ನಟನೆ ಅಂದ್ರೆ ನಿನ್ನ ಹೆಸರು ಯಾಕೆ ಹಾಕಿದಾನೆ? ನನ್ನ ಹೆಸರು ಯಾಕೆ ಹಾಕಿದಾನೆ?"

"ಮೆಲ್ಲಗೆ ಮಾತಾಡು. ವೆಂಕಟ್ ಕಾಲಿನ ವಿಷಯ ಕೇಳ್ದ, ನಾನು ಏನಂತ ಹೇಳ್ಲಿ? ಬರೋ ತಿಂಗಳು ಹಾಲಿನ ಡೈರಿ ಎಲೆಕ್ಷನ್‌ಗೆ ನಿಂತಿದೀನಿ, ಅಶ್ವತ್ಥಪ್ಪನ ಕಡೆಯವರೇ ಓಟು ಹಾಕಬೇಕು. ಅದು ಮುಗೀಲಿ. ಎಲ್ಲಾ ಸರಿ ಮಾಡ್ತೀನಿ."

ಚೈತನ್ಯನಿಗೂ ಫೋನು ಮಾಡಿದೆ. ಮೊದಲು ಅವನು ಚೆನ್ನಾಗಿಯೇ ಮಾತಾಡಿದ. ತಾನು ಮಾಡಿದ್ದು ಬೇರೆ, ದುಡ್ಡು ಹಾಕಿದವರು ಕತ್ತರಿಸಿದ್ದು ಬೇರೆ, ಜನಕ್ಕೆ ಹೆದರಿಕೆಯೇ ಬೇಕಂತೆ. "ಎರಡನೇ ಭಾಗ ಬರ್ತದೆ ಅಕ್ಕ. ಅದ್ರಲ್ಲಿ ಪೂರ್ತಿ ನಿಮ್ಮ ಕಡೆ ಇರ್ತದೆ," ಅಂದ. ನನ್ನ ಹಿಂದೆ ನಿಲ್ಲುತ್ತೇನೆ ಅಂದಿದ್ದ ಮಹಾರಾಯ. ಬೆನ್ನಿಗೆ ಚೂರಿ ಹಾಕುವವರೂ ಹಿಂದೆಯೇ ನಿಲ್ಲುತ್ತಾರೆ ಎಂದು ನನಗೆ ಆಗ ಹೊಳೆಯಬೇಕಿತ್ತು. ಆಮೇಲೆ ಅವನು ಫೋನು ಎತ್ತಲಿಲ್ಲ.

ಸಿನಿಮಾ ಎಲ್ಲರ ಫೋನಿಗೂ ಬಂತು. ಶಾಲೆ ಶುರುವಾದ ಮೊದಲ ವಾರದಲ್ಲೇ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದರು. ನಾನು ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಅನ್ನ ಉಳಿಯಿತು. ಧನಶ್ರೀ ಮಾತ್ರ ಮೊದಲಿನ ಹಾಗೇ ಬಂದು, "ಅತ್ತೆ, ಇನ್ನೊಂದು ಸೌಟು," ಅಂದಳು. ಆ ಮಗುವಿನ ತಟ್ಟೆ ನೋಡಿಕೊಂಡೇ ನಾನು ಆ ವಾರವನ್ನು ಕಳೆದೆ.

ಆಮೇಲೆ ಶಾಲಾ ಸಮಿತಿಯ ಸಭೆ ಕರೆದರು. ಸಮಿತಿಗೆ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಅದೇ ಅಶ್ವತ್ಥಪ್ಪನವರು. ಹಿಂದಿನ ದಿನ ನಾನು ಶ್ರೀಧರನ ಮನೆಗೆ ಹೋಗಿ ಒಂದೇ ಮಾತು ಕೇಳಿದೆ. ಗೋಣಿಚೀಲ ಹೊದ್ದವನು ನೀನು ಎಂದು ಹೇಳುವುದು ಬೇಡ, ಅದು ಆಟ, ದೆವ್ವ ಇಲ್ಲ, ನಮ್ಮಕ್ಕನಿಗೆ ಏನೂ ಆಗುವುದಿಲ್ಲ, ಇಷ್ಟು ಹೇಳಿದರೆ ಸಾಕು ಎಂದೆ. "ಹೇಳ್ತೀನಿ ಅಕ್ಕ, ಹೇಳ್ದೇ ಇರ್ತೀನಾ?" ಅಂದ. ಅವನ ಹೆಂಡತಿ ಮೌನಿಕಾ ಒಳಗಿನಿಂದ ಹೊರಗೆ ಬರಲಿಲ್ಲ.

ಮಧ್ಯಾಹ್ನ ಶಾಲೆಯ ವರಾಂಡದಲ್ಲಿ ಜಮಖಾನ ಹಾಸಿದ್ದರು. ಹೆಡ್‌ಮಾಸ್ತರು ಉಮಾಶಂಕರ್ ಒಳ್ಳೆಯವರು, ಗಟ್ಟಿಯವರಲ್ಲ. "ತೊನ್ನು ಅಂಟೋದಿಲ್ಲ, ಡಾಕ್ಟ್ರೇ ಹೇಳಿದಾರೆ," ಎಂದು ಶುರು ಮಾಡಿದರು.

"ತೊನ್ನಿನ ಮಾತು ಯಾರಾಡಿದ್ರು ಮೇಷ್ಟ್ರೆ?" ಎಂದರು ಅಶ್ವತ್ಥಪ್ಪ. "ಇಷ್ಟು ವರ್ಷ ನಮ್ಮ ಮಕ್ಕಳೂ ತಿಂದಿಲ್ವಾ? ಈಗ ಅವಳ ಸ್ವಂತ ತಮ್ಮನೇ ಹೇಳವ್ನಲ್ಲ, ಗುರುತು ಸಿಗಲ್ಲ ಅಂತ. ಬೆಂಕಿ ಮುಂದೆ, ಕುದಿಯೋ ಸಾರಿನ ಮುಂದೆ ಇರೋಳು. ಮಕ್ಕಳು ಅಕ್ಕಪಕ್ಕ ಓಡಾಡ್ತವೆ. ಒಂದು ಹೋಗಿ ಒಂದಾದ್ರೆ ಜವಾಬ್ದಾರಿ ಯಾರು?"

ನನ್ನ ಜೊತೆ ಅಡುಗೆ ಮಾಡುವ ಚಿಕ್ಕಗಂಗಮ್ಮ ಎದ್ದು ನಿಂತಳು. "ನಾನು ದಿನಾ ಅವಳ ಪಕ್ಕದಾಗೇ ಕೂತು ಉಣ್ತೀನಿ. ನಂಗೇನೂ ಆಗಿಲ್ಲ," ಅಂದಳು. ಯಾರೋ, "ನೀನು ಕೂತ್ಕಮ್ಮ," ಅಂದರು. ಅವಳು ಕೂರಲಿಲ್ಲ, ಸಭೆ ಮುಗಿಯುವವರೆಗೂ ನಿಂತೇ ಇದ್ದಳು. ಅವಳ ಋಣ ನನ್ನ ಮೇಲೆ ಇರಲಿ.

ಹೆಡ್‌ಮಾಸ್ತರು ಶ್ರೀಧರನ ಕಡೆ ತಿರುಗಿದರು. "ಶ್ರೀಧರ್, ನೀವೇ ಹೇಳಿ. ಸಿನಿಮಾದಲ್ಲಿ ಹೇಳಿದ್ದು ನಿಜಾನಾ?"

ಅವನು ಎದ್ದ. ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಅಶ್ವತ್ಥಪ್ಪನವರ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ವೆಂಕಟ್‌ನನ್ನು ನೋಡಿದ. "ಸಿನಿಮಾದವರು ಒಂದಕ್ಕೆರಡು ಮಾಡಿ ತೋರಿಸ್ತಾರೆ ಸಾರ್," ಅಂದ.

"ಒಂದಾದ್ರೂ ಇತ್ತಾ ಇಲ್ವಾ, ಅದು ಹೇಳಪ್ಪ," ಎಂದರು ಅಶ್ವತ್ಥಪ್ಪ.

ಶ್ರೀಧರ ಕೂರುವುದಕ್ಕೆ ಬಾಗಿದ. ನನಗೆ ತಡೆಯಲಾಗಲಿಲ್ಲ. "ಹೇಳೋ! ತೋಪಿನಲ್ಲಿ ಗೋಣಿಚೀಲ ಹೊದ್ಕೊಂಡು ನಿಂತಿದ್ದು ನೀನು ಅಂತ ಹೇಳೋ! ವೆಂಕಟ್ ಹೆದರಿದ್ದು ನಿನ್ನನ್ನ ನೋಡಿ ಕಣೋ!" ಎಂದು ಕೂಗಿದೆ. ಕೊಟ್ಟ ಮಾತು ಮುರಿದೆ, ಮುರಿದದ್ದಕ್ಕೆ ನನಗೆ ಬೇಸರವಿಲ್ಲ.

ಅಶ್ವತ್ಥಪ್ಪನವರು ಸಿಟ್ಟಾಗುತ್ತಾರೆ, ಎದ್ದು ಅವನ ಕೊರಳಪಟ್ಟಿ ಹಿಡಿಯುತ್ತಾರೆ ಎಂದು ನಾನು ಕಾದೆ. ಅವರು ಮರುಕದಿಂದ ನನ್ನನ್ನು ನೋಡಿ ಶ್ರೀಧರನ ಬೆನ್ನು ತಟ್ಟಿದರು. "ಪಾಪ ಕಣಪ್ಪ ನೀನು. ಸಾಕಿದವನ ಮೇಲೇ ಹಾಕ್ತಾಳೆ ನೋಡು," ಅಂದರು. ವೆಂಕಟ್ ಕೂಡ, "ಅವತ್ತು ನಾನು ಕಣ್ಣಾರೆ ನೋಡಿದೀನಕ್ಕ," ಎಂದು ಮೆಲ್ಲಗೆ ಹೇಳಿದ. ಪಾಪ, ಅವನಿಗೂ ತನ್ನ ಕಾಲು ಮುರಿದದ್ದು ಒಂದು ನಿಜವಾದ ದೆವ್ವದಿಂದಲೇ ಆಗಿರಬೇಕಿತ್ತು. ಒಂದು ಗೋಣಿಚೀಲಕ್ಕೆ ಜೀವನವಿಡೀ ಕುಂಟುವುದು ಯಾರಿಗೆ ಬೇಕು?

ಹೆಡ್‌ಮಾಸ್ತರು ಕೊನೆಯದಾಗಿ ಒಂದು ದಾರಿ ನೋಡಿದರು. "ನೋಡಿ, ಶ್ರೀಧರ್ ಮಗಳೂ ಇಲ್ಲೇ ಊಟ ಮಾಡ್ತಾಳೆ. ಮನೆಯವರೇ ಮಗಳಿಗೆ ತಿನ್ನಿಸ್ತಾರೆ ಅಂದ್ಮೇಲೆ ಬೇರೆಯವರಿಗೆ ಯಾಕೆ ಅನುಮಾನ? ಅಲ್ವಾ ಶ್ರೀಧರ್?"

ಹೂಂ ಅಂದಿದ್ದರೆ ಸಾಕಿತ್ತು. ಒಂದು ಅಕ್ಷರ. ಓಟು ಹೋಗುತ್ತಿರಲಿಲ್ಲ, ಕಾಲು ಮುರಿಯುತ್ತಿರಲಿಲ್ಲ, ಅವನ ಗುಟ್ಟು ಅವನ ಹತ್ತಿರವೇ ಇರುತ್ತಿತ್ತು. ಶ್ರೀಧರ ಜಮಖಾನದ ಅಂಚನ್ನು ನೋಡುತ್ತ ಹೇಳಿದ:

"ನಾಳೆಯಿಂದ ನಾವೂ ಡಬ್ಬಿ ಕಳಿಸೋಣ ಅಂತ ಇದೀವಿ ಸಾರ್."

ಅಲ್ಲಿಗೆ ನನ್ನ ಕೆಲಸ ಹೋಯಿತು. ಆರೋಗ್ಯದ ಕಾರಣಕ್ಕೆ ಬಿಡುತ್ತಿದ್ದೇನೆ ಎಂದು ನನ್ನ ಬಾಯಲ್ಲೇ ಹೇಳಿಸಿದರು. ಸೌಟು ತೊಳೆದು, ಅಡುಗೆಮನೆ ಗುಡಿಸಿ, ಬೀಗದಕೈ ಚಿಕ್ಕಗಂಗಮ್ಮನಿಗೆ ಕೊಟ್ಟು ಬಂದೆ. ದಾರಿಯಲ್ಲಿ ಅಳು ಬರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಬಂತು.

ಮರುದಿನ ಸಂಜೆ ಶ್ರೀಧರ ಬಂದ. ಹೊಸ್ತಿಲಾಚೆ ನಿಂತುಕೊಂಡೇ ಮಾತಾಡಿದ. ಎಲೆಕ್ಷನ್ ಮುಗಿಯಲಿ, ಅಶ್ವತ್ಥಪ್ಪನವರ ಹತ್ತಿರ ನಾನೇ ಒಪ್ಪಿಕೊಳ್ಳುತ್ತೇನೆ, ನಿನ್ನನ್ನು ಮತ್ತೆ ಕೆಲಸಕ್ಕೆ ಸೇರಿಸುತ್ತೇನೆ, ಅಲ್ಲಿಯವರೆಗೆ ನಿನಗೆ ಏನು ಬೇಕೋ ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂದ. ಕಣ್ಣು ತುಂಬಿಕೊಂಡಿದ್ದ, ಅದು ನಟನೆ ಇರಲಿಲ್ಲ. ಅವನನ್ನು ಬೈಯಬೇಕು ಎಂದು ಹಿಂದಿನ ದಿನದಿಂದ ತೆಲುಗಿನ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಆ ಮುಖ ನೋಡಿದ ಕೂಡಲೇ ಒಂದೂ ಬರಲಿಲ್ಲ. ಹೆತ್ತಿಲ್ಲದಿದ್ದರೂ ಸಾಕಿದ ಹೊಟ್ಟೆ, ಏನು ಮಾಡುವುದು.

"ಒಳಗೆ ಬಾ. ಬಿಸಿ ಮುದ್ದೆ ಇದೆ, ಹುರುಳಿಕಾಳಿನ ಬಸ್ಸಾರು ಮಾಡಿದೀನಿ. ಉಂಡು ಹೋಗು," ಅಂದೆ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ತಟ್ಟೆಗೆ ಮುದ್ದೆ ಹಾಕಿ ಸಾರು ಬಿಟ್ಟೆ. ಅವನಿಗೆ ಆ ಸಾರು ಅಂದರೆ ಪ್ರಾಣ. ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ಬಾಯಿಯವರೆಗೆ ತಂದ. ಕೈ ಅಲ್ಲೇ ನಿಂತಿತು. ಅವನು ನನ್ನ ಬೆರಳುಗಳನ್ನು ನೋಡುತ್ತಿದ್ದ. ಅಸಹ್ಯ ಆಗಿದ್ದರೆ ನನಗೆ ಗೊತ್ತಾಗುತ್ತಿತ್ತು, ಅಸಹ್ಯ ಪಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಇದು ಅದಲ್ಲ.

"ಅಕ್ಕಾ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ."

"ಕೇಳು."

"ಮೊನ್ನೆ ಅಮಾವಾಸ್ಯೆ ದಿನ ಬಾವಿ ಹತ್ತಿರ ಯಾರೋ ನಿಂತಿದ್ರಂತೆ. ಮೌನಿಕಾ ನೋಡಿದ್ಲಂತೆ." ಅವನ ದನಿ ಇಳಿದಿತ್ತು. "ನಿಂಗೆ... ನಿಂಗೆ ನಿಜವಾಗ್ಲೂ ಗೊತ್ತಾಗುತ್ತಾ ಅಕ್ಕ? ಹೋಗಿ ಬಂದಿದ್ದು?"

ಮೊನ್ನೆ ನಾನು ಬಾವಿಯ ಹತ್ತಿರ ಸೌದೆ ಆರಿಸುತ್ತಿದ್ದೆ. ಅದನ್ನು ಹೇಳಬಹುದಿತ್ತು. ಆದರೆ ಯಾರಿಗೆ ಹೇಳುವುದು? ವಿಭೂತಿ ಬಳಿದುಕೊಂಡವನು ಅವನು, ಬದುವಿನ ಮೇಲೆ ನಿಂತವನು ಅವನು, ಅಮಾವಾಸ್ಯೆ ಎಂಬ ಮಾತನ್ನು ಬಾವಿಯ ಕಟ್ಟೆಯ ಮೇಲೆ ಕೂತು ತಾನೇ ಹುಟ್ಟಿಸಿದವನು ಅವನು. ಈಗ ನನ್ನ ಅಡುಗೆಮನೆಯಲ್ಲಿ ಕೂತು, ಕೈಯಲ್ಲಿ ತುತ್ತು ಹಿಡಿದು ಅವನೇ ನನಗೆ ಹೆದರುತ್ತಿದ್ದ. ಇಷ್ಟು ದಿನ ಅವನು ಸುಳ್ಳು ಹೇಳುತ್ತಿದ್ದಾನೆ ಎಂಬ ಒಂದು ಸಮಾಧಾನವಾದರೂ ನನಗಿತ್ತು. ಸುಳ್ಳು ಹೇಳುವವನಿಗೆ ಸತ್ಯ ಗೊತ್ತಿರುತ್ತದಲ್ಲ, ಇವತ್ತಲ್ಲ ನಾಳೆ ಹೇಳಿಯಾನು ಎಂದುಕೊಂಡಿದ್ದೆ. ಅದೂ ಹೋಯಿತು.

"ಮನೆಗೆ ಹೋಗೋ," ಅಂದೆ.

ಅವನು ತುತ್ತನ್ನು ತಟ್ಟೆಯಲ್ಲಿಟ್ಟು, ಕೈ ತೊಳೆದುಕೊಂಡು, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಬಾಗಿಲು ದಾಟಿದ. ಬೀದಿಗೆ ಹೋದ ಮೇಲೆ ಓಡಿದ ಸದ್ದು ಕೇಳಿಸಿತು. ನಾನು ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡು ಅವನು ಬಿಟ್ಟ ಮುದ್ದೆಯನ್ನು ತಿಂದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು.